ಕಂಬಳಿ ಹೊದ್ದು ಬಂದ ನಾಯಿ

ಮೀನು ತರಲು ಹೊರಟವನು ರತ್ನಗಂಬಳಿಯ ಅಂಗಡಿಗೆ ನುಗ್ಗಬೇಕಾದರೆ ಏನಾದರೂ ಕಾರಣ ಬೇಕಲ್ಲ. ನನ್ನ ಕಾರಣ ಬಿಸಿಲು. ಇವತ್ತು ಅಬುಧಾಬಿಯ ಅಲ್ ಮೀನಾ ಮೀನು ಮಾರುಕಟ್ಟೆಯಲ್ಲಿ ಒಂದು ಅಂಜಲ್ ಕೊಂಡು, ತುಂಡು ಮಾಡುವವರ ಕೈಗೆ ಕೊಟ್ಟು ಹೊರಗೆ ಬಂದೆ. ನನ್ನ ಮುಂದೆ ಇನ್ನೂ ಬಹಳ ಮೀನುಗಳು ಸರತಿಯಲ್ಲಿ ಮಲಗಿದ್ದವು. ಅಷ್ಟು ಹೊತ್ತು ಎಲ್ಲಿ ನಿಲ್ಲುವುದು ಎಂದುಕೊಂಡು ಹತ್ತಿರದ ರತ್ನಗಂಬಳಿಯ ಸಾಲಿಗೆ ಹೋದೆ. ಅಲ್ಲಿಯ ಅಂಗಡಿಯವನು ಮುದುಕ. ನಾನು ಕೊಳ್ಳುವ ಗಿರಾಕಿಯಲ್ಲ ಎಂದು ನನ್ನ ಚಪ್ಪಲಿ ನೋಡಿಯೇ ತಿಳಿದಿರಬೇಕು. ಆದರೂ ಮರ್ಯಾದೆಗೆ ಒಂದು ಹಳೆಯ ಕಂಬಳಿಯನ್ನು ನನ್ನ ಕಾಲ ಬುಡದಲ್ಲಿ ಬಿಡಿಸಿ ಹಾಸಿದ. ಅದರೊಳಗಿಂದ ಹಳೆಯ ಉಣ್ಣೆಯ ವಾಸನೆ ಎದ್ದಿತು. ಧೂಳು, ಹೊಗೆ, ಇನ್ನೂ ಪೂರ್ತಿ ಹೋಗದ ಪ್ರಾಣಿಯ ಮೈ, ಎಲ್ಲ ಸೇರಿದ ವಾಸನೆ ಅದು. ನಾನು ಬಗ್ಗಿ ಇನ್ನೊಮ್ಮೆ ಮೂಸಿದೆ.

"ಕ್ಯಾ ಭಾಯ್, ಊರಿನ ನೆನಪಾಯ್ತಾ?" ಎಂದು ಮುದುಕ ಹಿಂದಿಯಲ್ಲಿ ಕೇಳಿದ.

"ಇಲ್ಲ ಚಾಚಾ, ಒಂದು ನಾಯಿಯ ನೆನಪಾಯ್ತು" ಎಂದೆ.

ಅವನು ಕಂಬಳಿಯನ್ನು ಮೆಲ್ಲಗೆ ಸುತ್ತಿ ಎತ್ತಿಟ್ಟ. ಅವನ ಸರಕಿಗೆ ನಾಯಿಯ ವಾಸನೆ ಎಂದಂತಾಯಿತೇನೋ. ಅವನಿಗೆ ಬಿಡಿಸಿ ಹೇಳುವಷ್ಟು ಹಿಂದಿ ನನಗೆ ಬಾರದು. ನಿಮಗೆ ಹೇಳಬಹುದು. ಮೀನು ತುಂಡಾಗಲು ಹೇಗೂ ಹೊತ್ತಿದೆ.

ಮೊದಲು ನನ್ನ ಕೆಲಸದ ವಿಷಯ ಹೇಳಬೇಕು. ನಾನು ಪೆಟ್ಟಿಗೆ ಮಾಡುವವನು. ಊರಿನಲ್ಲಿ ಯಾರಾದರೂ "ಗಲ್ಫಿನಲ್ಲಿ ಎಂತ ಕೆಲಸ?" ಎಂದು ಕೇಳಿದಾಗ ಹೀಗೆ ಹೇಳಿದರೆ ಅವರ ಮುಖದಲ್ಲಿದ್ದ ಉತ್ಸಾಹ ಅರ್ಧ ಇಳಿಯುತ್ತದೆ. ಮದುವೆಯ ಮಾತುಕತೆಯ ಕಾಲದಲ್ಲಿ ನನ್ನ ಮಾವನವರು ನಾನು ತರಕಾರಿಯ ಕ್ರೇಟು ಹೊಡೆಯುವವನೆಂದು ಭಾವಿಸಿ ಒಂದು ವಾರ ಊಟ ಸರಿಯಾಗಿ ಮಾಡಿರಲಿಲ್ಲವಂತೆ. ನಿಜ ಹೇಳಬೇಕೆಂದರೆ ನನ್ನ ಪೆಟ್ಟಿಗೆಗಳು ಮ್ಯೂಸಿಯಂ ಸಾಮಾನುಗಳಿಗೆ. ರಾಸ್ ಅಲ್ ಖೋರ್‌ನಲ್ಲಿ, ಒಂದು ಕಡೆ ಗ್ಯಾರೇಜು, ಇನ್ನೊಂದು ಕಡೆ ಟಯರಿನ ರಾಶಿ, ನಡುವೆ ನಮ್ಮ ಶೆಡ್ಡು. ಅಲ್ಲಿ ಪ್ಲೈವುಡ್ ಕೊಯ್ದು, ಒಳಗೆ ಫೋಮು ಕೆತ್ತಿ, ಒಂದು ಮಡಕೆಗೋ ಮೂರ್ತಿಗೋ ತಾಯಿಯ ಮಡಿಲಿನ ಹಾಗೆ ಸರಿಹೊಂದುವ ಗೂಡು ಮಾಡುತ್ತೇವೆ. ಬೇರೆ ದೇಶಗಳಿಂದ ಸಾಮಾನು ಬಂದಾಗ ಬಿಚ್ಚಿ, ಇಡಬೇಕಾದ ಕಡೆ ಇಟ್ಟು, ಪ್ರದರ್ಶನ ಮುಗಿದ ಮೇಲೆ ಮತ್ತೆ ಮಲಗಿಸಿ ಕಳಿಸಿಕೊಡುವುದೂ ನಮ್ಮ ಪಾಲಿನದೇ. ಮನೆ ಮಾತ್ರ ಅಬುಧಾಬಿಯ ಖಾಲಿದಿಯಾದಲ್ಲಿ. ಹಾಗಾಗಿ ನನ್ನ ಆಯುಷ್ಯದ ಒಂದು ಪಾಲು ಎರಡು ಊರುಗಳ ನಡುವಿನ ಹೆದ್ದಾರಿಯಲ್ಲಿ ಕಳೆದಿದೆ.

ಈ ಕಸುಬಿನಲ್ಲಿ ಒಂದು ನಿಯಮವಿದೆ, ಅದು ನನಗೆ ಬಹಳ ಇಷ್ಟ. ದೂರದಿಂದ ಬಂದ ಪೆಟ್ಟಿಗೆಯನ್ನು ಬಂದ ಕೂಡಲೇ ಬಿಚ್ಚಬಾರದು. ಒಂದು ಹಗಲು, ಒಂದು ರಾತ್ರಿ ಅದು ಇಲ್ಲಿನ ಕೋಣೆಯಲ್ಲಿ ಸುಮ್ಮನೆ ಕೂರಬೇಕು. ಒಳಗಿರುವ ಜೀವಕ್ಕೆ, ಅಂದರೆ ಮರಕ್ಕೆ, ಬಟ್ಟೆಗೆ, ಎಲುಬಿಗೆ, ಇಲ್ಲಿನ ಹವೆ ಒಗ್ಗಬೇಕು. ನಾನು ಮೊದಲ ಸಲ ಇಲ್ಲಿ ವಿಮಾನ ಇಳಿದಾಗ ನನಗೂ ಯಾರಾದರೂ ಹೀಗೆ ಒಂದು ದಿನ ಬಿಟ್ಟಿದ್ದರೆ ಎಷ್ಟು ಚೆನ್ನಾಗಿತ್ತು! ವಿಮಾನ ನಿಲ್ದಾಣದಿಂದ ನೇರ ಗರಗಸದ ಮುಂದೆ ತಂದು ನಿಲ್ಲಿಸಿದ್ದರು. ಅದಿರಲಿ. ನಾನು ಹೀಗೆ ದಾರಿ ತಪ್ಪುವುದು ಅಜ್ಜಿಯಿಂದ ಬಂದ ಅಭ್ಯಾಸ. ಅವಳು ಕತೆಯಲ್ಲಿ ರಾಕ್ಷಸನನ್ನು ಬಾಗಿಲಿಗೆ ತಂದು ನಿಲ್ಲಿಸಿ, ದನಕ್ಕೆ ಹುಲ್ಲು ಹಾಕಲು ಎದ್ದು ಹೋಗುತ್ತಿದ್ದಳು. ಅವಳು ಬರುವವರೆಗೆ ರಾಕ್ಷಸ ಕಾಯಬೇಕಾಗಿತ್ತು.

ಕೆಲವು ವರ್ಷಗಳ ಹಿಂದಿನ ಒಂದು ಚಳಿಗಾಲದ ಬೆಳಿಗ್ಗೆ ಅಬುಧಾಬಿಯ ಒಂದು ಮ್ಯೂಸಿಯಮ್ಮಿನ ಉಗ್ರಾಣಕ್ಕೆ, ಪ್ರದರ್ಶನಕ್ಕೆಂದು, ಪೆರು ದೇಶದಿಂದ ನಾಲ್ಕಾರು ಪೆಟ್ಟಿಗೆಗಳು ಬಂದವು. ಅವುಗಳ ಜೊತೆ ಮಾರ್ಗರೀತಾ ಬಂದಳು. ಬೆಲೆಬಾಳುವ ಸಾಮಾನಿನ ಸಂಗಡ ಒಬ್ಬರು ಕಾವಲಿಗೆ ಬರುವುದು ಪದ್ಧತಿ. ಅವರ ಕಣ್ಣೆದುರಿಗೇ ಪೆಟ್ಟಿಗೆ ಇಳಿಯಬೇಕು, ಅವರ ಕಣ್ಣೆದುರಿಗೇ ತೆರೆಯಬೇಕು, ಅವರು ಬೇಡ ಎಂದರೆ ತೆರೆಯುವಂತಿಲ್ಲ. ಮಾರ್ಗರೀತಾ ಐವತ್ತು ದಾಟಿದ ಗಿಡ್ಡ ಹೆಂಗಸು, ಪುರಾತತ್ವದ ಡಾಕ್ಟರು. ಬಿಸಿಲಿಗೆ ಸುಟ್ಟ ಮುಖ, ಮಣ್ಣು ಅಗೆದು ಅಗೆದು ಒರಟಾದ ಬೆರಳು. ಸರಕು ವಿಮಾನದಲ್ಲಿ ಪೆಟ್ಟಿಗೆಗಳ ಪಕ್ಕದಲ್ಲೇ ಕೂತು, ಎಲ್ಲೆಲ್ಲೋ ಇಳಿದು ಹತ್ತಿ ಬಂದಿದ್ದಳು. ಕಣ್ಣು ಕೆಂಪಾಗಿತ್ತು. ಉಳಿದ ಪೆಟ್ಟಿಗೆಗಳನ್ನು ಬಿಟ್ಟು, ಒಂದು ಸಣ್ಣ ಪೆಟ್ಟಿಗೆಯ ಮೇಲೆ ಮಾತ್ರ ಕೈ ಇಟ್ಟುಕೊಂಡೇ ನಿಂತಿದ್ದಳು.

"ಇದರೊಳಗೆ ಏನು?" ಎಂದು ಕೇಳಿದೆ. ನಮ್ಮಿಬ್ಬರಿಗೂ ಇಂಗ್ಲಿಷು ಸೆಕೆಂಡ್ ಹ್ಯಾಂಡು, ಹಾಗಾಗಿ ಚೆನ್ನಾಗಿ ಹೊಂದಿಕೆಯಾಯಿತು.

"ನಾಯಿ" ಎಂದಳು. "ಮಲಗಿದ್ದಾನೆ."

ಪೆಟ್ಟಿಗೆ ಮರುದಿನದವರೆಗೆ ತೆರೆಯುವಂತಿಲ್ಲ. ಹೋಟೆಲಿನ ಕೋಣೆಯಲ್ಲಿ ಒಬ್ಬಳೇ ಕೂತು ಆಕೆ ಏನು ಮಾಡಿಯಾಳು ಎಂದು ಮಧ್ಯಾಹ್ನದ ಊಟಕ್ಕೆ ಮನೆಗೆ ಕರೆದುಕೊಂಡು ಹೋದೆ. ಆಗ ನನ್ನ ಅಮ್ಮ ವಿಸಿಟ್ ವೀಸಾದಲ್ಲಿ ಬಂದು ನಮ್ಮ ಜೊತೆಗಿದ್ದಳು. ಅಮ್ಮ ಮಾತಾಡುವುದು ತುಳುವಿನಲ್ಲಿ. ಇಲ್ಲಿ ಹೇಳುವಾಗ ಅದಕ್ಕೆ ನಮ್ಮ ಕಡೆಯ ಕನ್ನಡ ಉಡಿಸಿದ್ದೇನೆ.

ಹೆಸರು ಮಾರ್ಗರೀತಾ ಎಂದು ಕೇಳಿದ್ದೇ ತಡ, ನಮ್ಮೂರ ಕ್ರಿಶ್ಚಿಯನ್ನರ ಹೆಸರಲ್ಲವೇ, ಅಮ್ಮ ನಿರ್ಧಾರಕ್ಕೆ ಬಂದುಬಿಟ್ಟಳು. "ನಮ್ಮ ಕಡೆಯವಳೇ. ಕೇಳು ನೋಡುವಾ, ಯಾವ ಇಗರ್ಜಿ? ಕಿನ್ನಿಗೋಳಿಯಾ?"

"ಅಮ್ಮಾ, ಅವಳು ಪೆರು ದೇಶದವಳು. ಭೂಮಿಯ ಆಚೆ ಬದಿ."

"ಅಲ್ಲಿಗೆ ಹೋಗಿ ಸೆಟ್ಲ್ ಆದವಳಾ?"

ಅಮ್ಮನ ಲೆಕ್ಕದಲ್ಲಿ ಜಗತ್ತಿನ ಯಾವ ಮೂಲೆಯಲ್ಲಿ ಮಾರ್ಗರೀತಾ ಇದ್ದರೂ ಅವಳ ಬೇರು ಮಂಗಳೂರಿನ ಹತ್ತಿರ ಎಲ್ಲೋ ಇರಲೇಬೇಕು. ಅದನ್ನು ಅಲುಗಾಡಿಸಲು ನನ್ನಿಂದ ಆಗಲಿಲ್ಲ. ಮಾರ್ಗರೀತಾ ಕುಚ್ಚಲಕ್ಕಿ ಅನ್ನವನ್ನು ಕೈಯಲ್ಲೇ ಕಲಸಿ, ಬಂಗುಡೆಯ ಮುಳ್ಳನ್ನು ಒಂದೇ ಎಳೆತಕ್ಕೆ ಬಿಡಿಸಿದ್ದು ನೋಡಿದ ಮೇಲಂತೂ ಅಮ್ಮ ನನ್ನ ಕಡೆ ತಿರುಗಿ, "ಈಗ ಹೇಳು" ಎಂದಳು. ಆಕೆಯೂ ಮೀನು ಹಿಡಿಯುವವರ ಊರಿನ ಮಗಳಂತೆ.

ಊಟವಾದ ಮೇಲೆ ಅವಳು ತನ್ನ ಅಗೆತದ ಕತೆ ಹೇಳಿದಳು. ನಾನು ತುಳುವಿಗೆ ತಿರುಗಿಸುತ್ತಾ ಹೋದೆ. ಅವಳ ಊರು ಪೆರುವಿನ ದಕ್ಷಿಣ ಕರಾವಳಿ. ಅಲ್ಲಿಯೂ ಇಲ್ಲಿಯ ಹಾಗೆ ಮರಳುಗಾಡು ನೇರ ಬಂದು ಸಮುದ್ರಕ್ಕೆ ಕಾಲು ಚಾಚುತ್ತದೆ. ನಡುವೆ ಒಂದು ತೆಳ್ಳಗಿನ ನದಿ, ಅದರ ದಡದಲ್ಲಿ ಆಲಿವ್ ಮರಗಳು. ಸುಮಾರು ಸಾವಿರ ವರ್ಷದ ಹಿಂದೆ ಅಲ್ಲಿ ಚಿರಿಬಾಯಾ ಎಂದು ಈಗ ಕರೆಯುವ ಜನ ಇದ್ದರು. ಕೆಲವರು ಮೀನು ಹಿಡಿಯುವವರು, ಕೆಲವರು ಜೋಳ ಬೆಳೆಯುವವರು, ಕೆಲವರು ಉದ್ದ ಕತ್ತಿನ ಲಾಮಾಗಳನ್ನು ಮೇಯಿಸುವವರು. ಸ್ಪೇನಿನವರು ಬರುವ ಎಷ್ಟೋ ಮೊದಲು, ಇಂಕಾಗಳ ರಾಜ್ಯ ಅಲ್ಲಿಗೆ ಮುಟ್ಟುವ ಮೊದಲೇ ಅವರ ಕಾಲ ಮುಗಿದಿತ್ತು. "ಪೆರು ಅಂದರೆ ಎಲ್ಲರೂ ಇಂಕಾ ಇಂಕಾ ಅಂತಾರೆ. ನನ್ನವರ ಹೆಸರು ಕೇಳಿದವರೇ ಇಲ್ಲ" ಎಂದು ಅವಳು ನಿಟ್ಟುಸಿರು ಬಿಟ್ಟಳು. ನನಗೆ ಅರ್ಥವಾಯಿತು. ಇಲ್ಲಿ ನಾನು ಮೊಘಲರ ಹೆಸರು ಹೇಳಿದರೆ ಎಲ್ಲರೂ ತಲೆ ಆಡಿಸುತ್ತಾರೆ, ನಮ್ಮ ಕರಾವಳಿಯನ್ನು ಆಳಿದ ಆಳುಪರ ಹೆಸರು ಹೇಳಿದರೆ ಅದು ಯಾವ ಹೋಟೆಲು ಎಂದು ಕೇಳುತ್ತಾರೆ.

ಬೆಳಿಗ್ಗೆ ಸಮುದ್ರದಿಂದ ಮಂಜು ಏರಿ ಬರುವ ಹೊತ್ತಿಗೆ ಮಾರ್ಗರೀತಾಳ ತಂಡದ ಅಗೆತ ಸುರುವಾಗುತ್ತಿತ್ತಂತೆ. ಮೊದಲ ಹಾರೆ ನೆಲಕ್ಕೆ ಬೀಳುವ ಮುಂಚೆ ಕೆಲಸದವರು ಸ್ವಲ್ಪ ಸೊಪ್ಪು, ಒಂದಿಷ್ಟು ಮದ್ಯ ಭೂಮಿಗೆ ಹಾಕಿ ಅಪ್ಪಣೆ ಕೇಳುತ್ತಾರೆ. ಇದನ್ನು ತಿರುಗಿಸಿ ಹೇಳಿದಾಗ ಅಮ್ಮ, "ಮತ್ತೆ? ಕೇಳದೆ ಅಗೆಯುವುದು ಉಂಟಾ?" ಎಂದಳು. ಆಮೇಲೆ ದಾರ ಕಟ್ಟಿ ಚೌಕ ಮಾಡುವುದು, ಕರಣೆಯಿಂದ ಪದರ ಪದರವಾಗಿ ಕೆರೆಯುವುದು, ಕೆರೆದ ಮಣ್ಣನ್ನು ಜರಡಿ ಹಿಡಿಯುವುದು. ಕೊನೆಗೆ ಬ್ರಷ್ಷು. ಸಂಜೆಯವರೆಗೆ ಗುಡಿಸಿದ್ದನ್ನು ರಾತ್ರಿಯ ಗಾಳಿ ಮತ್ತೆ ಮುಚ್ಚಿ ಹೋಗಿರುತ್ತದೆ. ಮರುದಿನ ಪುನಃ ಮೊದಲಿನಿಂದ.

ಆ ಬಯಲಿನಲ್ಲಿ ಗೋರಿಗಳೇ ಗೋರಿಗಳು. ಆದರೆ ಇವರಿಗಿಂತ ಮೊದಲೇ ಕಳ್ಳರು ಅಗೆದು ಮಡಕೆ, ಬಟ್ಟೆ ಎಲ್ಲ ಸಾಗಿಸಿಬಿಟ್ಟಿದ್ದರು. ಕಳ್ಳರು ಬೇಡವೆಂದು ಬಿಸಾಡಿ ಹೋದದ್ದು ನಾಯಿಗಳನ್ನು. ಹೌದು, ಆ ಜನ ತಮ್ಮ ನಾಯಿಗಳಿಗೂ ಗೋರಿ ಮಾಡುತ್ತಿದ್ದರು. ಮರಳು ಅಷ್ಟು ಒಣಗಿದ್ದು. ಕೂದಲು, ಕಿವಿ, ಉಗುರು ಎಲ್ಲ ಹಾಗೆಯೇ ಉಳಿದಿದ್ದವು. ಮಾರ್ಗರೀತಾ ಆ ಹೊರಗೆಸೆದ ನಾಯಿಗಳನ್ನು ಒಂದೊಂದಾಗಿ ಹೆಕ್ಕಿ ತರುತ್ತಿದ್ದುದಕ್ಕೆ ಜೊತೆಯವರು ಅವಳನ್ನು ನಾಯಿಗಳ ಅಜ್ಜಿ ಎಂದು ಕರೆಯುತ್ತಿದ್ದರಂತೆ. ಕಳ್ಳರ ಕೈ ತಾಗದ ನಾಯಿ ಒಂದೇ ಒಂದು ಸಿಕ್ಕಿತು. ಅದು ನಿಕನೋರಾ ಎಂಬ ಮುದುಕಿಯ ಆಲಿವ್ ತೋಟದ ಅಂಚಿನಲ್ಲಿ.

ಮಾರ್ಗರೀತಾ ಫೋನಿನಲ್ಲಿ ಚಿತ್ರ ತೋರಿಸಿದಳು. ಕೆಂಚು ಬಣ್ಣದ, ಉದ್ದ ಕೂದಲಿನ, ಗಿಡ್ಡ ಕಾಲಿನ ನಾಯಿ. ಲಾಮಾ ಕಾಯುತ್ತಿದ್ದ ಜಾತಿಯಂತೆ. ಮೈಯನ್ನು ಮುದುಡಿಕೊಂಡು ಮಲಗಿದೆ. ಮೇಲೆ ಪಟ್ಟೆ ಪಟ್ಟೆಯ ಉಣ್ಣೆಯ ಹೊದಿಕೆ. ಹೊರಗೆ ಕಾಣುವುದು ಮೂಗು ಮತ್ತು ಒಂದು ಕಿವಿ. ಹೊದಿಕೆಯ ಒಂದು ಮೂಲೆ ಹರಿದು, ಬೇರೆ ಬಣ್ಣದ ನೂಲಿನಲ್ಲಿ ಹೊಲಿದಿದೆ.

"ಇದು ಗೋರಿಗೆಂದು ನೇಯ್ದದ್ದಲ್ಲ" ಎಂದಳು ಮಾರ್ಗರೀತಾ. "ಮನೆಯಲ್ಲಿ ಯಾರೋ ಹೊದೆಯುತ್ತಿದ್ದದ್ದು. ಅದನ್ನೇ ತೆಗೆದು ಇವನ ಮೇಲೆ ಹಾಕಿದ್ದಾರೆ."

ಆಗ ಶಾಲೆಯಿಂದ ಬಂದ ನನ್ನ ಮಗಳು ಬ್ಯಾಗು ಹೆಗಲಲ್ಲಿರುವಂತೆಯೇ ಬಗ್ಗಿ ನೋಡಿ, "ಡ್ಯಾಡಿ, ವಾಟ್ಸ್ ಹಿಸ್ ನೇಮ್?" ಎಂದು ಕೇಳಿದಳು. ಅಷ್ಟು ಹೊತ್ತು ಅದನ್ನು ಯಾರೂ ಯೋಚಿಸಿರಲಿಲ್ಲ.

ಇನ್ನು ಮಾರ್ಗರೀತಾಳ ಕೆಂಪು ಕಣ್ಣಿನ ವಿಷಯ. ಅದು ನಿದ್ರೆಗೆಟ್ಟು ಕೆಂಪಾದದ್ದಲ್ಲ ಎಂದು ಚಹಾದ ಹೊತ್ತಿಗೆ ತಿಳಿಯಿತು. ನಾಯಿಯನ್ನು ತೋಟದಿಂದ ಎತ್ತುವ ದಿನ ನಿಕನೋರಾ ಒಂದೇ ಒಂದು ಮಾತು ಕೇಳಿದ್ದಳಂತೆ: ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗು, ಅವನ ಮೈಮೇಲಿನ ಹೊದಿಕೆ ಮಾತ್ರ ತೆಗೆಯಬೇಡ. ಮಾರ್ಗರೀತಾ ಮಾತು ಕೊಟ್ಟಿದ್ದಳು. ಆ ತೋಟದ ಉಳಿದ ಭಾಗದಲ್ಲಿ ಇನ್ನೂ ಯಾರೂ ಮುಟ್ಟದ ಗೋರಿಗಳಿದ್ದವು. ಮಾತು ಉಳಿದರೆ ಅಲ್ಲಿ ಅಗೆತ, ಮುರಿದರೆ ಅವಳ ಪಾಲಿಗೆ ಆ ತೋಟದ ಬಾಗಿಲು ಮುಚ್ಚಿದ ಹಾಗೆ. ಈಗ ಇಲ್ಲಿ ವಿಮಾನ ಇಳಿದು ಫೋನು ಆನ್ ಮಾಡಿದರೆ, ಪ್ರದರ್ಶನದ ವಿನ್ಯಾಸ ಮಾಡುವ ಕರೀಂ ಕಳಿಸಿದ ಹೊಸ ಚಿತ್ರ ಬಂದು ಕೂತಿತ್ತು. ಅದರಲ್ಲಿ ಹೊದಿಕೆಯನ್ನು ಬಿಡಿಸಿ, ಚಪ್ಪಟೆ ಮಾಡಿ, ಗೋಡೆಗೆ ಏರಿಸಲಾಗಿತ್ತು. ಕೆಳಗೆ ಗಾಜಿನೊಳಗೆ ಬರೀ ನಾಯಿ.

"ಬೇಡ ಅಂತ ಹೇಳಿ. ನಿಮಗೆ ಆ ಅಧಿಕಾರ ಇದೆಯಲ್ಲ" ಎಂದೆ.

"ಇದೆ. ಬೇಡ ಅಂದರೆ ಪೆಟ್ಟಿಗೆ ತೆರೆಯದೆ ವಾಪಸ್ಸು. ನಮ್ಮದು ಎರಡು ಕೋಣೆಯ ಮ್ಯೂಸಿಯಂ. ಮೊದಲ ಸಲ ಯಾರೋ ನಮ್ಮ ಜನರನ್ನು ಕರೆದಿದ್ದಾರೆ. ಬಾಗಿಲವರೆಗೆ ಬಂದು ತಿರುಗಿ ಹೋದರೆ ಇನ್ನು ಯಾರು ಕರೆಯುತ್ತಾರೆ?"

ಅಮ್ಮ ನನ್ನ ಮೊಣಕೈ ತಿವಿದಳು. "ಎಂತಂತೆ? ಯಾಕೆ ಮುಖ ಸಣ್ಣ ಮಾಡಿದ್ದಾಳೆ?"

ಹೇಳಿದೆ. ಅಮ್ಮ ಚಹಾದ ಲೋಟ ಕೆಳಗಿಟ್ಟಳು. ಆಮೇಲೆ ಪೆಟ್ಟಿಗೆ ಯಾವಾಗ ತೆರೆಯುವುದು ಎಂದು ಮಾತ್ರ ಕೇಳಿದಳು.

ಮರುದಿನ ಬೆಳಿಗ್ಗೆ ನಾನು ಶೂ ಹಾಕುವಾಗ ಅಮ್ಮ ಅಡುಗೆ ಮನೆಯಿಂದ ಬಾಳೆಎಲೆಯ ಒಂದು ಪೊಟ್ಟಣ ತಂದು ನನ್ನ ಕೈಯಲ್ಲಿಟ್ಟಳು. ಬಿಸಿ ಇತ್ತು. ಒಳಗೆ ಹುರಿದ ಬಂಗುಡೆ.

"ಪೆಟ್ಟಿಗೆ ಬಿಚ್ಚುವ ಮುಂಚೆ ಅದರ ಹತ್ತಿರ ಇಡು. ಸತ್ತವರನ್ನು ಎಬ್ಬಿಸುವಾಗ ಬರೀ ಕೈಯಲ್ಲಿ ಹೋಗುವುದು ಸರಿಯಲ್ಲ."

ನಮ್ಮ ಕಡೆ ಅಗೆಲು ಹಾಕುವುದು ಎನ್ನುತ್ತೇವೆ. ಹಿರಿಯರಿಗೆ, ದೈವಗಳಿಗೆ ಎಲೆ ಹಾಕಿ ಬಡಿಸಿ, ಸ್ವಲ್ಪ ಹೊತ್ತು ಬಾಗಿಲು ಮುಚ್ಚಿಟ್ಟು, ಆಮೇಲೆ ಮನೆಯವರೆಲ್ಲ ಕೂತು ಅದನ್ನೇ ಉಣ್ಣುವುದು.

"ಅಮ್ಮಾ, ಅದು ನಾಯಿ!"

"ನಾಯಿಗೆ ಹಸಿವಿಲ್ಲವಾ?"

ನನ್ನ ಫಜೀತಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಿ. ಮ್ಯೂಸಿಯಮ್ಮಿನ ಉಗ್ರಾಣವೆಂದರೆ ಒಂದು ತುಣುಕು ಬಿಸ್ಕತ್ತು ಒಳಗೆ ಹೋಗಬಾರದು. ಆಹಾರ ಬಂದರೆ ಹುಳ ಬರುತ್ತದೆ, ಹುಳ ಬಂದರೆ ಉಣ್ಣೆ ಹೋಗುತ್ತದೆ. ಜೊತೆಯವರ ಬಾಯಿಂದ ಚೂಯಿಂಗ್ ಗಮ್ ಉಗುಳಿಸುವ ಮನುಷ್ಯ ನಾನು. ಅಂಥವನು ಅವತ್ತು ಹುರಿದ ಬಂಗುಡೆಯನ್ನು ಬ್ಯಾಗಿನಲ್ಲಿ ಇಟ್ಟುಕೊಂಡು ಹೋದೆ. ಯಾಕೆ ಎಂದು ಕೇಳಬೇಡಿ. ಅಮ್ಮ ಕೊಟ್ಟದ್ದನ್ನು ದಾರಿಯ ಕಸದ ಡಬ್ಬಿಗೆ ಹಾಕುವ ಧೈರ್ಯ ನನಗೆ ಈ ವಯಸ್ಸಿನಲ್ಲೂ ಬಂದಿಲ್ಲ.

ಉಗ್ರಾಣದ ಬಾಗಿಲಲ್ಲಿ ಮಾರ್ಗರೀತಾ ಕಾಯುತ್ತಿದ್ದಳು. ನಾನು ಹತ್ತಿರ ಬಂದದ್ದೇ ಮೂಗು ಅರಳಿಸಿದಳು. "ನಿಮ್ಮ ಬ್ಯಾಗಿನಿಂದ ಮೀನಿನ ವಾಸನೆ ಬರುತ್ತಿದೆ."

ತಲೆ ತಗ್ಗಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳು ಮೊದಲು ಜೋರಾಗಿ ನಕ್ಕಳು. ಆಮೇಲೆ ನಗು ಅಲ್ಲಿಗೇ ನಿಂತಿತು.

"ನಿಮ್ಮ ತಾಯಿಗೆ ನಾನು ಹೇಳಿದೆನಾ?" ಎಂದಳು.

"ಏನು?"

"ಗೋರಿಯಲ್ಲಿ ಅವನ ಮೂಗಿನ ಹತ್ತಿರ ಏನಿತ್ತು ಎಂದು."

ಇಲ್ಲ, ಹೇಳಿರಲಿಲ್ಲ. ಹೇಳಿದ್ದರೆ ತಿರುಗಿಸಬೇಕಾದವನು ನಾನೇ ಅಲ್ಲವೇ.

"ಮೀನು" ಎಂದಳು ಮಾರ್ಗರೀತಾ. "ಮೀನಿನ ಮುಳ್ಳು. ಅಲ್ಲಿಯ ಎಷ್ಟೋ ನಾಯಿಗಳಿಗೆ ಹೀಗೇ ಮೂಗಿನ ಹತ್ತಿರ ತಿನ್ನಲು ಏನಾದರೂ ಇಟ್ಟಿರುತ್ತಾರೆ."

ಮೀನನ್ನು ಒಳಗೆ ಒಯ್ಯಲು ಅವಳೂ ಬಿಡಲಿಲ್ಲ, ನಾನೂ ಒಪ್ಪುತ್ತಿರಲಿಲ್ಲ. ಇಬ್ಬರೂ ಹಿಂಬದಿಗೆ, ಲಾರಿ ನಿಲ್ಲುವ ಕಟ್ಟೆಗೆ ಹೋದೆವು. ಕಟ್ಟೆಯ ಮೇಲೆ ಎಲೆ ಬಿಡಿಸಿ ಇಟ್ಟು, ಹೊರಳಿ ನಿಂತೆವು. ಇಟ್ಟ ಮೇಲೆ ನೋಡುತ್ತಾ ನಿಲ್ಲಬಾರದು ಎಂದು ನಾನು ಹೇಳಿದ್ದೆ. ತಿರುಗಿ ನೋಡುವಾಗ ಒಂದು ಬೂದು ಬೆಕ್ಕು ಬಾಲದ ಕಡೆಯ ತುಂಡನ್ನು ಕಚ್ಚಿಕೊಂಡು ಲಾರಿಯ ಕೆಳಗೆ ಹೋಗುತ್ತಿತ್ತು. ನಾಯಿಗೆ ಬಡಿಸಿದ್ದನ್ನು ಬೆಕ್ಕು ತಿಂದ ಈ ಸಂಗತಿಯನ್ನು ನಾನು ಅಮ್ಮನಿಗೆ ಇವತ್ತಿನವರೆಗೂ ಹೇಳಿಲ್ಲ, ನೀವೂ ಹೇಳಬೇಡಿ. ಉಳಿದದ್ದನ್ನು ನಾವಿಬ್ಬರೂ ನಿಂತೇ ತಿಂದು, ಸಾಬೂನು ಹಾಕಿ ಮೊಣಕೈವರೆಗೆ ತೊಳೆದು, ಬಟ್ಟೆಯ ಮೇಲೆ ಕೋಟು ತೊಟ್ಟು ಒಳಗೆ ಹೋದೆವು.

ಕರೀಂ ಆಗಲೇ ಬಂದಿದ್ದ. ಲೆಬನಾನಿನವನು, ಸಭ್ಯ ಮನುಷ್ಯ, ಕೆಲಸದಲ್ಲಿ ಕಟ್ಟುನಿಟ್ಟು. ಪೆಟ್ಟಿಗೆಯ ಸ್ಕ್ರೂಗಳನ್ನು ಬಿಚ್ಚಿ, ಮುಚ್ಚಳ ಎತ್ತಿ, ಫೋಮಿನ ಪದರ ತೆಗೆದೆ. ತೆಳ್ಳಗಿನ ಕಾಗದವನ್ನು ಸರಿಸಿದಾಗ ಆ ವಾಸನೆ ಬಂತು. ಹಳೆಯ ಉಣ್ಣೆಯದು, ಮರಳಿನದು. ಚಿತ್ರದಲ್ಲಿ ನೋಡಿದ್ದಕ್ಕಿಂತ ಸಣ್ಣ ನಾಯಿ. ಇನ್ನೂ ಮರಿತನ ಬಿಡದ ಕಿವಿ.

ಕರೀಂ ಹೊದಿಕೆಯನ್ನೇ ನೋಡುತ್ತಿದ್ದ. "ಎಂಥ ಬಣ್ಣ! ಇದನ್ನು ಮುದುಡಿ ಇಡುವುದು ಅನ್ಯಾಯ."

ಮಾರ್ಗರೀತಾ ತಾನು ಕೊಟ್ಟ ಮಾತಿನ ವಿಷಯ ಹೇಳಿದಳು. ತೋಟ, ಮುದುಕಿ, ಎಲ್ಲವನ್ನೂ.

"ನನಗೆ ಗೌರವ ಇದೆ ಡಾಕ್ಟರ್" ಎಂದ ಕರೀಂ. "ಆದರೆ ಇಲ್ಲಿಗೆ ಬರುವವರು ಚಿರಿಬಾಯಾ ಎಂಬ ಹೆಸರನ್ನೇ ಮೊದಲ ಸಲ ಕೇಳುವವರು. ಅವರ ನೇಯ್ಗೆಯನ್ನು ತೋರಿಸದೆ ಏನನ್ನು ತೋರಿಸಲಿ? ಅಷ್ಟು ದೂರದಲ್ಲಿರುವ ಆ ತಾಯಿಗೆ ಇಲ್ಲಿ ನಾವು ಮಾಡಿದ್ದು ಹೇಗೆ ತಿಳಿಯುತ್ತದೆ?"

"ಅವಳು ಕೇಳುತ್ತಾಳೆ. ನಾನು ಹೇಳಬೇಕಾಗುತ್ತದೆ."

ಕರೀಂ ನನ್ನ ಕಡೆ ತಿರುಗಿದ. "ನೀವು ಹೇಳಿ. ಹರಿಯದ ಹಾಗೆ ಇದನ್ನು ತೆಗೆಯಬಹುದಾ?"

ಬಗ್ಗಿ ನೋಡಿದೆ. ಹೊದಿಕೆ ಎಲ್ಲಿಯೂ ಮೈಗೆ ಅಂಟಿರಲಿಲ್ಲ. ಅಡಿಗೆ ತೆಳುವಾದ ಹಲಗೆ ಸರಿಸಿ, ಮೆಲ್ಲಗೆ ಜಾರಿಸಿದರೆ ಒಂದು ನೂಲೂ ಹೋಗುತ್ತಿರಲಿಲ್ಲ. ಹರಿದು ಹೋಗುತ್ತದೆ ಸರ್ ಎಂದು ಒಂದು ಮಾತು ಹೇಳಿದ್ದರೆ ಅಲ್ಲಿಗೆ ಎಲ್ಲ ಮುಗಿಯುತ್ತಿತ್ತು. ಆ ಮಾತು ನನ್ನ ನಾಲಿಗೆಯ ತುದಿಯಲ್ಲಿ ಬಂದು ನಿಂತಿತ್ತು ಕೂಡ. ಆದರೆ ನೋಡಿ, ಈ ಕಸುಬಿನಲ್ಲಿ ನನ್ನ ಹತ್ತಿರ ಇರುವುದು ಅದೊಂದೇ. ನಾನು ಆಗುತ್ತದೆ ಎಂದರೆ ಆಗುತ್ತದೆ, ಆಗುವುದಿಲ್ಲ ಎಂದರೆ ಆಗುವುದಿಲ್ಲ.

"ತೆಗೆಯಬಹುದು" ಎಂದೆ.

ಮಾರ್ಗರೀತಾ ಕಣ್ಣು ಮುಚ್ಚಿದಳು.

"ಆದರೆ ನನ್ನಿಂದ ಆಗುವುದಿಲ್ಲ ಸರ್. ಬೇರೆ ಯಾರನ್ನಾದರೂ ಕರೆಯಿರಿ."

"ಯಾಕೆ? ಕೈಗೆ ಏನಾಯ್ತು?"

"ಕೈಗೆ ಏನೂ ಆಗಿಲ್ಲ. ಬೆಳಿಗ್ಗೆ ನನ್ನ ಅಮ್ಮ ಇವನಿಗೆ ಊಟ ಕೊಟ್ಟು ಕಳಿಸಿದ್ದಾಳೆ. ಊಟ ಬಡಿಸಿದ ಮೇಲೆ ಹೊದಿಕೆ ಎಳೆಯುವುದು ಹೇಗೆ?"

ಇಷ್ಟು ವರ್ಷದ ಸರ್ವೀಸಿನಲ್ಲಿ ಇಂಥ ಕಾರಣ ನಾನು ಕೊಟ್ಟದ್ದೂ ಇಲ್ಲ, ಅವನು ಕೇಳಿದ್ದೂ ಇಲ್ಲ. ಇನ್ನು ಕೆಲಸ ಖಲಾಸ್ ಎಂದುಕೊಂಡೆ. "ಊಟ? ಎಂಥ ಊಟ?" ಎಂದು ಕರೀಂ ಕೇಳಿದ. "ಮೀನು" ಎಂದೆವು ನಾನು ಮತ್ತು ಮಾರ್ಗರೀತಾ ಒಟ್ಟಿಗೆ. ಅವಳು ಭೂತಕನ್ನಡಿಯನ್ನು ಅವನ ಕೈಗೆ ಕೊಟ್ಟು, ನಾಯಿಯ ಮೂಗಿನ ಮುಂದೆ ಅಂಟಿಕೊಂಡಿದ್ದ ಬಿಳಿಯ ಎಳೆಗಳನ್ನು ತೋರಿಸಿದಳು. ಎತ್ತುವಾಗ ಬಿಡಿಸದೆ ಹಾಗೆಯೇ ತಂದಿದ್ದ ಮುಳ್ಳುಗಳು.

ಅಷ್ಟು ಹೊತ್ತು ನಿಂತೇ ಮಾತಾಡುತ್ತಿದ್ದ ಕರೀಂ ಮಂಡಿಯೂರಿ ಕೂತ. ಬಹಳ ಹೊತ್ತು ಕನ್ನಡಿಯಲ್ಲಿ ಮುಳ್ಳು ನೋಡಿದ, ಆಮೇಲೆ ಕಿವಿ, ಆಮೇಲೆ ಹೊದಿಕೆಯ ಹೊಲಿದ ಮೂಲೆ. "ಈ ಹೊಲಿಗೆ ಹಾಕಿದವರು ಅವಸರದಲ್ಲಿ ಹಾಕಿದ್ದಾರೆ" ಎಂದು ತನ್ನಷ್ಟಕ್ಕೆ ಹೇಳಿಕೊಂಡ. ಆಮೇಲೆ ತಲೆ ಎತ್ತಿ, "ಆದರೆ ಜನರಿಗೆ ಕಾಣುವುದು ಒಂದು ಮೂಗು, ಒಂದು ಕಿವಿ ಅಷ್ಟೇ ಅಲ್ಲವಾ?" ಎಂದು ಕೇಳಿದ. ಈ ಸಲ ಅದು ವಾದವಾಗಿರಲಿಲ್ಲ.

"ಮಲಗಿದ ನಾಯಿಯಲ್ಲಿ ಕಾಣುವುದು ಅಷ್ಟೇ" ಎಂದಳು ಮಾರ್ಗರೀತಾ.

ಅವನು ಎದ್ದು ಮಂಡಿ ಕೊಡವಿಕೊಂಡ. "ಹಾಗಾದರೆ ಮಲಗಿರಲಿ. ಆದರೆ ಇಷ್ಟು ಎತ್ತರದಲ್ಲಿ ಬೇಡ. ನೆಲದ ಹತ್ತಿರ ಇಡೋಣ. ನೋಡಬೇಕಾದವರು ನನ್ನ ಹಾಗೆ ಕೂತು ನೋಡಲಿ. ಯಲ್ಲಾ, ಹೊಸ ಪೀಠ ಮಾಡಿ. ಬೇಗ!"

ಆ ಪೀಠವನ್ನು ನಾನೇ ರಾಸ್ ಅಲ್ ಖೋರ್‌ನಲ್ಲಿ ನಿಂತು ಮಾಡಿಸಿದೆ. ಬೇಸಿಗೆಯವರೆಗೆ ನಡೆದ ಆ ಪ್ರದರ್ಶನದಲ್ಲಿ ಬಿಡುವಾದಾಗಲೆಲ್ಲ ಹೋಗಿ, ನಾಯಿಯನ್ನಲ್ಲ, ನೋಡುವವರನ್ನು ನೋಡುತ್ತಿದ್ದೆ. ಚಿನ್ನದ ಮುಖವಾಡಗಳ ಮುಂದೆ ಜನ ನಿಂತು ಫೋಟೋ ತೆಗೆದು ಮುಂದೆ ಹೋಗುತ್ತಿದ್ದರು. ಇವನ ಹತ್ತಿರ ಬಂದವರು ಕೂರುತ್ತಿದ್ದರು. ಕಂದೂರ ಎನ್ನುವ ಬಿಳಿ ನಿಲುವಂಗಿ ತೊಟ್ಟ ದೊಡ್ಡ ಮನುಷ್ಯರು, ಡ್ಯೂಟಿ ಮುಗಿಸಿ ಬಂದ ನರ್ಸುಗಳು, ಶಾಲೆಯ ಮಕ್ಕಳು. ಕೂತವರು ತಮಗೆ ಗೊತ್ತಿಲ್ಲದೆಯೇ ದನಿ ತಗ್ಗಿಸುತ್ತಿದ್ದರು. ವೀಸಾ ಮುಗಿದು ಊರಿಗೆ ಹೊರಡುವ ಮುಂಚೆ ಅಮ್ಮನನ್ನೂ ಕರೆದುಕೊಂಡು ಹೋದೆ. ಗಂಟು ನೋವಿನ ಕಾಲನ್ನು ಮಡಿಸಿ, ನನ್ನ ಹೆಗಲು ಹಿಡಿದು ಕೂತು ಅವಳು ನೋಡಿದಳು. "ಪಾಪ, ಒಳ್ಳೆಯ ಮನೆಯ ನಾಯಿ" ಎಂದಳು. ಎಬ್ಬಿಸಲು ಇಬ್ಬರು ಬೇಕಾಯಿತು.

ವಾಪಸ್ಸು ಒಯ್ಯಲು ಮಾರ್ಗರೀತಾ ಮತ್ತೆ ಬಂದಾಗ ಹೊರಗೆ ಉರಿ ಬಿಸಿಲು. ಲಾರಿಯ ಕಟ್ಟೆಯಲ್ಲಿ ನಿಂತ ಎರಡು ನಿಮಿಷಕ್ಕೆ ಅವಳ ಅಂಗಿ ಬೆನ್ನಿಗೆ ಅಂಟಿತ್ತು. ನಾಯಿಯನ್ನು ಅವನ ಗೂಡಿನಲ್ಲಿ ಮಲಗಿಸಿ ಮುಚ್ಚಳ ಹಾಕಿದೆ. ಅವಳು ಊರು ಮುಟ್ಟಿ ಸ್ವಲ್ಪ ದಿನಕ್ಕೆ ವಿಡಿಯೋ ಕಾಲ್ ಮಾಡಿದಳು. ನಗು ತಡೆಯಲಾಗದೆ ಫೋನು ಅಲುಗಾಡುತ್ತಿತ್ತು. ನಿಕನೋರಾ ನಾಯಿಯನ್ನು ನೋಡಲು ಬಂದಿದ್ದಳಂತೆ. ಹೊದಿಕೆ ಇದ್ದಲ್ಲೇ ಇರುವುದನ್ನು ಕಂಡು ತೃಪ್ತಿಯಿಂದ ತಲೆ ಆಡಿಸಿದಳಂತೆ. ಆಮೇಲೆ ಆ ದೇಶ ಹೇಗಿದೆ ಎಂದು ವಿಚಾರಿಸಿದಳು. ಮಾರ್ಗರೀತಾ ಉತ್ಸಾಹದಿಂದ ಅಲ್ಲಿಯ ಬಿಸಿಲನ್ನು ವರ್ಣಿಸಿದಳು, ಉಸಿರಾಡಿದರೆ ಮೂಗು ಸುಡುತ್ತದೆ ಎಂದಳು. ಕೇಳುತ್ತಾ ಕೇಳುತ್ತಾ ಮುದುಕಿಯ ಮುಖ ಕೆಂಪಾಯಿತಂತೆ.

"ಅಷ್ಟು ಸೆಕೆಯಲ್ಲಿ ಆ ಪಾಪದ ಪ್ರಾಣಿಗೆ ಕಂಬಳಿ ಹೊದೆಸಿ ಮಲಗಿಸಿದ್ದೀರಾ? ತೆಗೆಯಬೇಡ ಎಂದರೆ ನಿನಗೆ ಸ್ವಂತ ಬುದ್ಧಿ ಬೇಡವಾ?"

ಒಳಗೆ ಏಸಿ ಇತ್ತು, ನೋಡಲು ಬಂದವರು ಸ್ವೆಟರು ಹಾಕಿಕೊಳ್ಳುವಷ್ಟು ಚಳಿ ಇತ್ತು ಎಂದು ಆಣೆ ಹಾಕಿ ಹೇಳಿದ ಮೇಲೆ ಮುದುಕಿ ಸಮಾಧಾನವಾದಳಂತೆ. ಹೋಗುವಾಗ ಬಾಗಿಲಲ್ಲಿ ನಿಂತು, ತೋಟದ ಬೇಲಿಯ ಗೇಟಿಗೆ ಬೀಗ ಹಾಕುವುದಿಲ್ಲ, ಬಂದು ಅಗೆಯಿರಿ ಎಂದಳಂತೆ. ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ನಗಲಿಲ್ಲ. "ಆ ಹೆಂಗಸು ಸರಿಯಾಗಿ ಕೇಳಿದ್ದಾಳೆ. ನನಗೂ ಅದೇ ಚಿಂತೆ ಇತ್ತು" ಎಂದಳು.

ಮೀನು ತುಂಡಾಗಿರಬೇಕು, ನಾನು ಏಳಬೇಕು. ಏಳುವ ಮುಂಚೆ ಇದೊಂದು ಹೇಳಿಬಿಡುತ್ತೇನೆ. ಮೊದಲೆಲ್ಲ ಪೆಟ್ಟಿಗೆಯ ಜೊತೆ ಬಂದವರಿಗೆ ನಾನು ಕೇಳುತ್ತಿದ್ದದ್ದು ತೂಕ, ಎತ್ತರ, ಒಳಗಿನ ತೇವ. ಈಗ ಇನ್ನೊಂದು ಪ್ರಶ್ನೆ ಸೇರಿದೆ: "ಅಲ್ಲಿಯವರು ಏನಾದರೂ ಹೇಳಿ ಕಳಿಸಿದ್ದಾರಾ?" ಹೆಚ್ಚಿನವರು ಅರ್ಥವಾಗದೆ ನಗುತ್ತಾರೆ. ಕೆಲವರು ಮಾತ್ರ ನಗುವುದಿಲ್ಲ. ಕಳೆದ ತಿಂಗಳು ಒಂದು ಹಳೆಯ ಚರ್ಮದ ಡೋಲಿನ ಜೊತೆ ಬಂದ ಎಳೆಯ ವಯಸ್ಸಿನ ಒಬ್ಬಳು, "ಹೌದು. ಅದನ್ನು ಬೋರಲು ಇಡಬೇಡಿ ಅಂದಿದ್ದಾರೆ. ಯಾರೂ ಕೇಳಲಿಲ್ಲ, ಅದಕ್ಕೆ ನಾನೂ ಹೇಳಲಿಲ್ಲ" ಎಂದಳು. ಅವಳ ಪೆಟ್ಟಿಗೆಯಲ್ಲಿ ಡೋಲು ಬೋರಲಾಗಿಯೇ ಬಂದಿತ್ತು. ಹಿಂತಿರುಗುವ ಪ್ರಯಾಣಕ್ಕೆ ಫೋಮನ್ನು ಹೊಸದಾಗಿ ಕೆತ್ತಿದ್ದೇನೆ, ಮುಖ ಮೇಲೆ ಬರುವ ಹಾಗೆ.